ಲ್ಯಾಪ್‌ಟಾಪಿನೊಳಗೆ ಕೂತ ಭಜನೆ ಮೇಳ

ಹೋದ ತಿಂಗಳು ಹಂಪಿಯಿಂದ ಹೊಸಪೇಟೆಗೆ ಬರುವಾಗ ಕಡ್ಡಿರಾಂಪುರದಲ್ಲಿ ಬಸ್ಸು ನಿಂತಿತು. ರಸ್ತೆ ಪಕ್ಕದ ಮನೆಯೊಂದರ ಮುಂದೆ ಶಾಮಿಯಾನ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಮಾತಿಲ್ಲದೆ ಕೂತಿದ್ದರು. ಊದಿನಕಡ್ಡಿಯ ವಾಸನೆ ಬಸ್ಸಿನ ಒಳಗೂ ಬಂತು. ಸಾವಿನ ಮನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ನನ್ನ ಅಪ್ಪ ಹಾಡುತ್ತಿದ್ದ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಆ ಪದವನ್ನು (ನಮ್ಮ ಕಡೆ ಹಾಡಿಗೆ ಪದ ಅನ್ನುತ್ತೇವೆ) ಕಂಪ್ಲಿಯ ನಮ್ಮ ಮನೆಯ ನಡುಕೋಣೆಯಲ್ಲಿ ರೆಕಾರ್ಡ್ ಮಾಡಿದವಳು ನಾನೇ. ಅದು ಮೊಬೈಲಿನಿಂದ ಮೊಬೈಲಿಗೆ, ಅಲ್ಲಿಂದ ಪೆನ್‌ಡ್ರೈವಿಗೆ ಹಾರುತ್ತಾ ನಾನು ಕಾಲಿಡದ ಊರುಗಳಿಗೆಲ್ಲ ಹೋಗಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿಯತ್ತ ಬಗ್ಗಿ, "ಯಾರೋ ಏನೋ, ಭಾಳ ಚಂದ ಹೇಳ್ಯಾರ ನೋಡ್ರಿ" ಎಂದಳು. ಹೌದ್ರಿ ಎಂದಷ್ಟೇ ಹೇಳಿದೆ. ಯಾರೆಂದು ಹೇಳಿದ್ದರೆ ಪೂರ್ತಿ ಕಥೆ ಹೇಳಬೇಕಾಗುತ್ತಿತ್ತು. ಹೊಸಪೇಟೆ ಬರುವಷ್ಟರಲ್ಲಿ ಮುಗಿಯುವ ಕಥೆಯಲ್ಲ ಅದು.

ಅದು ಕೊರೊನಾದ ಎರಡನೇ ಬೇಸಿಗೆ. ನಾನು ಅಲ್ಲಿಯವರೆಗೆ ತೋರಣಗಲ್ಲಿನಲ್ಲಿ ಒಬ್ಬ ಕಂಟ್ರಾಕ್ಟರರ ಆಫೀಸಿನಲ್ಲಿ ಕೆಲಸಗಾರರ ಹಾಜರಿಯನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಬೆಳಗಾಗುವ ಮೊದಲೇ ಎದ್ದು ಬಸ್ಸು ಹತ್ತುವುದು, ಸಂಜೆ ಕೆಂಪು ಧೂಳು ಹೊದ್ದುಕೊಂಡು ಮನೆಗೆ ಬರುವುದು, ಇಷ್ಟೇ ನನ್ನ ಜೀವನ. ಏಪ್ರಿಲಿನಲ್ಲಿ "ಸದ್ಯ ಮನಿಯಾಗ ಇರ್ರಿ, ಕರೀತೀವಿ" ಅಂದರು. ಕರೆಯಲೇ ಇಲ್ಲ. ಅಪ್ಪ ಹುಲುಗಪ್ಪ ಕೆಲಸ ಮಾಡುತ್ತಿದ್ದ ರೈಸ್ ಮಿಲ್ಲಿನ ಸಾವುಕಾರರ ಮನೆಗೇ ಕಾಯಿಲೆ ಹೊಕ್ಕು, ಮಿಲ್ಲಿಗೂ ಬೀಗ ಬಿತ್ತು. ಹೀಗೆ ಅಪ್ಪ, ಅವ್ವ, ನಾನು ಮೂವರೂ ಒಂದೇ ಮನೆಯಲ್ಲಿ ಹಗಲೆಲ್ಲ ಎದುರುಬದುರು ಕೂರುವಂತಾಯಿತು. ಅಷ್ಟು ಹೊತ್ತು ಒಟ್ಟಿಗೆ ಕೂತು ನಮಗೆ ಅಭ್ಯಾಸವೇ ಇರಲಿಲ್ಲ.

ಹೊತ್ತು ಹೋಗಲೆಂದು ನಾನು ಕಾಲೇಜಿನ ಹಳೆಯ ಲ್ಯಾಪ್‌ಟಾಪನ್ನು ತೆಗೆದೆ. ಕಂಪ್ಯೂಟರಿನಲ್ಲೇ ಸಂಗೀತ ಮಾಡಬಹುದು, ವಾದ್ಯಗಳೆಲ್ಲ ಸಾಫ್ಟ್‌ವೇರಿನೊಳಗೇ ಸಿಗುತ್ತವೆ ಎಂದು ಎಲ್ಲೋ ವಿಡಿಯೊ ನೋಡಿದ್ದೆ. ನೋಡಿದಷ್ಟು ಸಲೀಸಾಗಿರಲಿಲ್ಲ ಬಿಡಿ. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಇಳಿಸಿಕೊಂಡು ತೆರೆದರೆ ಬರೀ ಬೂದುಬಣ್ಣದ ಪಟ್ಟೆಗಳು. ಯಾವ ಗುಂಡಿ ಒತ್ತಿದರೂ ಸದ್ದಿಲ್ಲ. ಒಂದಿಡೀ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಧ್ವನಿ ಯಾವ ದಾರಿಯಲ್ಲಿ ಹೊರಗೆ ಬರಬೇಕೆಂದು ನಾವೇ ಅದಕ್ಕೆ ತೋರಿಸಿಕೊಡಬೇಕಂತೆ. ಸರಿ, ತೋರಿಸಿದೆ. ಆಮೇಲೆ ಕೀಬೋರ್ಡಿನ ಅಕ್ಷರಗಳೇ ಸ್ವರಗಳಾದವು. ಒಂದು ಅಕ್ಷರ ಒತ್ತಿದರೆ ಪೇಟಿ, ಅದನ್ನೇ ಬೇರೆ ಪಟ್ಟಿಯಲ್ಲಿ, ಅಂದರೆ ಬೇರೆ ಟ್ರ್ಯಾಕಿನಲ್ಲಿ, ಒತ್ತಿದರೆ ಕೊಳಲು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಯಾರೋ ಪುಣ್ಯಾತ್ಮರು ನಿಜವಾದ ಪೇಟಿಯ ಒಂದೊಂದೇ ಸ್ವರದ ಮನೆ ಒತ್ತಿ ರೆಕಾರ್ಡ್ ಮಾಡಿಟ್ಟಿರುತ್ತಾರೆ, ನಾವು ಒತ್ತಿದಾಗ ಆ ಚೂರು ಕೇಳಿಸುತ್ತದೆ. ಇಷ್ಟು ತಿಳಿದ ದಿನ ನನಗೆ ಕೋಡು ಮೂಡಿತ್ತು.

ಆದರೆ ಒತ್ತಿದ ಸ್ವರ ತಕ್ಷಣ ಕೇಳುತ್ತಿರಲಿಲ್ಲ. ಒತ್ತಿ, ಒಂದು ಗುಟುಕು ತಡವಾಗಿ ಕೇಳುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ನಗು ತಡೆಯಲಾಗಲಿಲ್ಲ.

"ಏನವ್ವಾ ಗಂಗೀ, ಇಲ್ಲಿ ಬಡದ್ರ ಸಂಡೂರಿಗೆ ಹೋಗಿ ಬಂದು ಕೂಗತೈತಲ್ಲ ನಿನ್ನ ಪೇಟಿ."

"ಸೆಟ್ಟಿಂಗ್ ಸರಿ ಮಾಡಬೇಕಪ್ಪ, ಸುಮ್ನಿರು."

"ಮಾಡು ಮಾಡು. ಅದಕ್ಕ ಉಸುರೂ ಇಲ್ಲ ನೋಡು. ಎಷ್ಟೊತ್ತು ಒತ್ತಿದರೂ ಒಂದೇ ಸಮ ಅಳತೈತಿ."

ಅಪ್ಪನಿಗೆ ಹಂಗಿಸುವ ಹಕ್ಕಿತ್ತು. ಅವನು ನಮ್ಮ ಓಣಿಯ ಭಜನೆ ಮೇಳದ ಮುಂದಾಳು. ಪೇಟಿ ನುಡಿಸುತ್ತಾ ಸಾಲು ಕೊಡುವವನು ಅವನು, ಅದನ್ನು ಹಿಡಿದು ತಿರುಗಿ ಹೇಳುವವರು ಉಳಿದವರು. ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಮೇಳಕ್ಕೆ ಹೇಳಿ ಕಳಿಸುತ್ತಿದ್ದರು. ಹೆಣದ ಮುಂದೆ ಕೂತು, ಎತ್ತುವವರೆಗೂ ಪದ ಹೇಳುವುದು ನಮ್ಮಲ್ಲಿ ನಡೆದುಬಂದದ್ದು. ಮಿಲ್ಲಿನ ಪಾಳಿ ಬಿಟ್ಟು ಬಂದವನು ಬಾಯಿಗೆ ಎರಡು ತುತ್ತು ಹಾಕಿಕೊಂಡು ಹಾಗೆಯೇ ಹೊರಟುಬಿಡುತ್ತಿದ್ದ. ಬಡವ ಸಾವುಕಾರ, ಬೇಕಾದವರು ಬೇಡವಾದವರು ಎಂದು ನೋಡಿದವನಲ್ಲ. ಅವ್ವ ರೇಗುತ್ತಿದ್ದಳು, ನನಗೂ ಸಿಟ್ಟು ಬರುತ್ತಿತ್ತು, ಅವನು ಮಾತ್ರ ನಿಂತವನಲ್ಲ.

ಆ ಬೇಸಿಗೆಯಲ್ಲಿ ನಿಂತ. ಮೇಳದ ಪೇಟಿ ಗುಡಿಯಲ್ಲಿತ್ತು. ಗುಡಿ ಇದ್ದ ಓಣಿಯನ್ನು ತಗಡು ಬಡಿದು ಮುಚ್ಚಿದ್ದರು. ನಾಲ್ಕು ಜನ ಕೂಡುವ ಹಾಗಿರಲಿಲ್ಲ. ಹಿಂದಿನ ಓಣಿಯಲ್ಲಿ ಬಳೆ ಮಾರುವ ಒಬ್ಬ ಮುದುಕಿ ಇದ್ದಳು, ನನ್ನ ಅವ್ವನ ಮದುವೆಗೂ ಬಳೆ ತೊಡಿಸಿದವಳು. ಒಂದು ಮಧ್ಯಾಹ್ನ ಅವಳನ್ನು ಆಂಬುಲೆನ್ಸಿನಿಂದ ನೇರ ಸುಡುಗಾಡಿಗೆ ಒಯ್ದರೆಂದು ಸುದ್ದಿ ಬಂತು. ಅಪ್ಪ ತಾಟಿನ ಮುಂದೆ ಕೂತವನು ಎದ್ದುಬಿಟ್ಟ.

"ಒಂದು ಪದಾ ಇಲ್ದ ಹೋದ್ಲಲ್ಲ ಮುದುಕಿ," ಎಂದ. "ನಾಯಿ ಒಗದಂಗ ಒಗದು ಬಂದಾರ."

ಆಮೇಲೆ ಅಂಥ ಸುದ್ದಿಗಳು ಸಾಲಾಗಿ ಬಂದವು. ಕಂಪ್ಲಿಯಲ್ಲಿ ಇಂಥವರು, ಸಂಡೂರಿನಲ್ಲಿ ಇಂಥವರು. ಪ್ರತಿಯೊಂದಕ್ಕೂ ಅಪ್ಪ ಕೇಳುತ್ತಿದ್ದದ್ದು ಒಂದೇ, ಪದ ಹೇಳಿದರೋ ಇಲ್ಲವೋ. ಆ ಪ್ರಶ್ನೆ ನನಗೆ ಹುಚ್ಚುತನ ಅನ್ನಿಸುತ್ತಿತ್ತು. ಉಸಿರಾಡಲು ಗಾಳಿ ಸಿಗದೆ ಜನ ಸಾಯುತ್ತಿರುವಾಗ ಪದದ ಚಿಂತೆ ಯಾರಿಗೆ? ಅವನಿಗಿತ್ತು. ಅನ್ನ ಕಡಿಮೆ ಮಾಡಿದ, ಮಾತು ಕಡಿಮೆ ಮಾಡಿದ, ಹಂಗಿಸುವುದನ್ನೂ ನಿಲ್ಲಿಸಿದ. ಒಂದು ದಿನ ಲ್ಯಾಪ್‌ಟಾಪಿನ ಪಕ್ಕ ಬಂದು ಕೂತು, "ನಿನ್ನ ಡಬ್ಬಿಯೊಳಗಿನ ಪೇಟಿ ನನ್ನ ಸ್ವರಕ್ಕ ಬರ್ತದೇನು? ಕರಿ ಎರಡು," ಎಂದು ಕೇಳಿದ.

ಅವನ ಶ್ರುತಿಯಾದ ಎರಡನೇ ಕರಿ ಮನೆ ಒತ್ತಿ ತೋರಿಸಿದೆ. ಅಷ್ಟು ಹೊತ್ತಿಗೆ ತಡವಾಗುವ ರೋಗ ವಾಸಿಯಾಗಿತ್ತು. ಅವನು ಕಣ್ಣು ಮುಚ್ಚಿ ಆ ಸ್ವರಕ್ಕೆ ತನ್ನ ದನಿ ಕೂಡಿಸಿದ. ಆಮೇಲೆ, "ಹಂಗಾರ ಒಂದು ಪದ ಮಾಡಿಡು. ನಾವು ಹೋಗಲಿಕ್ಕಾಗದ ಮನಿಗೆ ಅದಾರ ಹೋಗಲಿ," ಎಂದ.

ಮೊದಲು ಮಾಳಿಗೆಯ ಮೇಲೆ ಮಾಡಲು ನೋಡಿದೆವು. ಸಾವಿನ ಪದವನ್ನು ಬದುಕಿರುವವರ ಮನೆಯೊಳಗೆ ಹೇಳಬಾರದು, ಹೇಳಿದರೆ ಸಾವಿಗೆ ದಾರಿ ತೋರಿಸಿದ ಹಾಗೆ ಎಂದು ನಮ್ಮಲ್ಲಿ ನಂಬಿಕೆ. ಮೇಳದವರು ಹೊಸ ಪದ ಕಲಿಯುವುದಿದ್ದರೂ ಗುಡಿಯ ಕಟ್ಟೆಗೋ ಕಾಲುವೆಯ ದಂಡೆಗೋ ಹೋಗುತ್ತಿದ್ದರು. ಆದರೆ ಮಾಳಿಗೆಯಲ್ಲಿ ಗಾಳಿ ಮೊಬೈಲಿನ ಮೈಕಿಗೆ ಬುಸ್ ಬುಸ್ ಎಂದು ಹೊಡೆಯುತ್ತಿತ್ತು. ಕಾಗೆಗಳು, ಕೆಳಗೆ ಆಂಬುಲೆನ್ಸುಗಳು. ಒಂದು ಸಾಲೂ ಶುದ್ಧವಾಗಿ ಸಿಗಲಿಲ್ಲ. ಬೆವರು ಒರೆಸಿಕೊಂಡು ಅಪ್ಪ ಕೆಳಗಿಳಿದ. ನಡುಕೋಣೆಯ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಸದ್ದು ಗೋಡೆಗೆ ಬಡಿದು ವಾಪಸು ಬಾರದಿರಲೆಂದು ಸುತ್ತ ಕೌದಿಗಳನ್ನು ಇಳಿಬಿಡಲು ನನಗೆ ಹೇಳಿದ.

ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮನಿಯೊಳಗ ಆ ಪದ ಬ್ಯಾಡ. ಕೈ ಮುಗೀತೀನಿ, ಬ್ಯಾಡ."

"ಸಾವು ಬಂದ ಮ್ಯಾಲ ನಾವು ಪದ ಹೇಳತೀವಿ. ಪದ ಕೇಳಿ ಅದೇನು ಬರಂಗಿಲ್ಲ," ಎಂದ ಅಪ್ಪ. "ಬಾಗಲಾ ಮುಚ್ಚು. ಸದ್ದು ಬರ್ತೈತಿ."

ಅವ್ವ ಬಾಗಿಲು ಮುಚ್ಚಿ, ಪದ ಮುಗಿಯುವವರೆಗೆ ಬೀದಿಯ ಬಿಸಿಲಿನಲ್ಲಿ ನಿಂತಿದ್ದಳು. ಒಳಗೆ ನಾವಿಬ್ಬರೂ ಕುದಿಯುತ್ತಿದ್ದೆವು. ಕಂಪ್ಲಿಯ ಮೇ ತಿಂಗಳು ಅಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಅಪ್ಪನ ಕಿವಿಗೆ ನನ್ನ ಇಯರ್‌ಫೋನ್ ಸಿಕ್ಕಿಸಿ ಪೇಟಿಯ ಪಟ್ಟಿಯನ್ನು ಹಾಕಿದೆ. ಜೊತೆಗೆ ಲಯ ತಪ್ಪದಿರಲೆಂದು ಸಾಫ್ಟ್‌ವೇರಿನ ಟಿಕ್ ಟಿಕ್ ಕೂಡ ಹಾಕಿದ್ದೆ. "ಆ ಕುಟ್ಟೋದನ್ನ ತಗಿ, ನಾನೇನು ಗಡಿಯಾರಕ್ಕ ಹಾಡ್ಲೇನು?" ಎಂದು ರೇಗಿದ. ತೆಗೆಯಲಿಲ್ಲ. ಮೇಳದವರು ಆಮೇಲೆ ಬೇರೆ ಬೇರೆ ಕಡೆಯಿಂದ ಹಾಡಿ ಕಳಿಸುವುದಿತ್ತು, ಗಡಿಯಾರವಿಲ್ಲದಿದ್ದರೆ ಯಾರೂ ಯಾರಿಗೂ ಕೂಡುತ್ತಿರಲಿಲ್ಲ. ಗೊಣಗಿಕೊಂಡೇ ಹಾಡಿದ.

"ಹರಿಗೋಲು ಬಿಟ್ಟಾತೊ, ಹಿಂದಕ್ಕೆ ನೋಡಬ್ಯಾಡ,
ಆಚೆ ದಡದಾಗ ದೀಪ ಹಚ್ಯಾರೊ."

ಅವನ ಸಾಲನ್ನು ಮೇಳದವರಿಗೆಲ್ಲ ಕಳಿಸಿದೆವು. ಒಂದು ಮೊಬೈಲಿನಲ್ಲಿ ಕೇಳುತ್ತಾ ಇನ್ನೊಂದರಲ್ಲಿ ಹಾಡಿ ರೆಕಾರ್ಡ್ ಮಾಡಿ ಎಂದು ಹೇಳಿದ್ದೆ. ಅಪ್ಪನ ಜೀವದ ಗೆಳೆಯ, ಮೇಳದ ತಬಲದ ತಿಪ್ಪಣ್ಣ ಮಾವ ಎಲ್ಲರಿಗೂ ಫೋನು ಮಾಡಿ ಕೂರಿಸಿದ. ಕೂರಿಸಿದ ಅಂದರೆ, ಯಾರೂ ಮನೆಯಲ್ಲಿ ಕೂರಲಿಲ್ಲ. ಒಬ್ಬ ಕಾಲುವೆಯ ಮೇಲೆ, ಒಬ್ಬ ಕಬ್ಬಿನ ಗದ್ದೆಯ ಬದುವಿನಲ್ಲಿ, ಒಬ್ಬ ನಿಂತ ಟ್ರ್ಯಾಕ್ಟರಿನ ಮೇಲೆ. ಎಲ್ಲರ ದನಿಯ ಹಿಂದೆಯೂ ನೀರು, ಪಂಪ್‌ಸೆಟ್ಟು, ಟಿಟ್ಟಿಭದ ಕೂಗು. ಒಬ್ಬನ ಸ್ವರ ಮೇಲೆ, ಇನ್ನೊಬ್ಬನದು ಪಾತಾಳದಲ್ಲಿ. ಒಂದೊಂದು ದನಿಯನ್ನೂ, ಮಾವನ ತಬಲವನ್ನೂ ಒಂದೊಂದು ಪಟ್ಟಿಯಲ್ಲಿ ಹಾಕಿ ಎಳೆದು, ತಳ್ಳಿ, ಏರಿಸಿ, ಇಳಿಸಿ ಕೂಡಿಸುತ್ತಾ ಹೋದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದ್ದರಿಂದ ಕರೆಂಟು ಹೋದಾಗ ಮಾಡಿದ್ದೆಲ್ಲ ಒಂದು ಸಲ ನೀರಲ್ಲಿ ಹೋಮವಾಯಿತು. ಮತ್ತೆ ಮೊದಲಿಂದ ಮಾಡಿದೆ. ಅಷ್ಟು ಮನಸ್ಸಿಟ್ಟು ನಾನು ಪರೀಕ್ಷೆಗೂ ಓದಿದವಳಲ್ಲ.

ಅಪ್ಪನ ಕೆಮ್ಮು ತೆಗೆಯುವುದು ಬೇರೆ ಕೆಲಸ. ಮಿಲ್ಲಿನ ತೌಡಿನ ಧೂಳು ಕುಡಿದ ಎದೆ ಅದು, ನಾನು ಹುಟ್ಟಿದಾಗಿನಿಂದ ಆ ಕೆಮ್ಮು ಕೇಳಿದ್ದೇನೆ. ತೆರೆಯ ಮೇಲೆ ಹಾಡು ಅಲೆಯ ಹಾಗೆ ಏರಿಳಿಯುತ್ತಿದ್ದರೆ ಕೆಮ್ಮು ಮುಳ್ಳಿನ ಹಾಗೆ ನಿಲ್ಲುತ್ತಿತ್ತು. ಹುಡುಕಿ ಕತ್ತರಿಸುತ್ತಿದ್ದೆ.

ಎಲ್ಲ ಕೂಡಿ ಮೊದಲ ಸಲ ಕೇಳಿದಾಗ ಅಪ್ಪ ಅತ್ತುಬಿಟ್ಟ. ತಗಡಿನ ಆಚೆ ಈಚೆ ಸಿಕ್ಕಿಕೊಂಡ ಇಡೀ ಮೇಳ ನನ್ನ ಮಡಿಲಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಕೂತಿತ್ತು. ಪೇಟಿಗೆ ಉಸಿರಿಲ್ಲ ಎಂಬ ದೂರು ಇದ್ದೇ ಇತ್ತು. "ಇರ್ಲಿ ಬಿಡು, ಹೆಣಕ್ಕೇನು ತಿಳೀತೈತಿ," ಎಂದು ತಾನೇ ಸಮಾಧಾನ ಮಾಡಿಕೊಂಡ. ನನಗೆ ಆ ದಿನ ಆದ ಸಂತೋಷವನ್ನು ಈಗ ನೆನೆಯಲು ಮನಸ್ಸಾಗುವುದಿಲ್ಲ.

ಪದ ಹೊರಟಿತು. ಸುಡುಗಾಡಿನಲ್ಲಿ ದೂರ ನಿಂತವರು ಮೊಬೈಲಿನಲ್ಲಿ ಹಾಕಿದರು. ಆಸ್ಪತ್ರೆಯಿಂದ ಬಂದ ಆಂಬುಲೆನ್ಸಿನ ಬಾಗಿಲ ಹತ್ತಿರ ಹಾಕಿದರು. ದಿನಾ ಯಾರಾದರೂ ಫೋನು ಮಾಡಿ, "ಹುಲುಗಪ್ಪಣ್ಣ, ನಮ್ಮಪ್ಪನ್ನ ನೀನೇ ಕಳಿಸಿಕೊಟ್ಟಂಗಾತು ನೋಡು" ಎಂದು ಅಳುತ್ತಿದ್ದರು. ಅಪ್ಪ ಹೂಂಗುಟ್ಟುತ್ತಿದ್ದ. ಫೋನಿಟ್ಟ ಮೇಲೆ ಸತ್ತವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ಗೋಡೆಗೆ ಒರಗುತ್ತಿದ್ದ. ಅವನ ಊಟ ಸರಿಹೋಯಿತು, ಆದರೆ ಮುಖ ಮಾತ್ರ ದಿನದಿನಕ್ಕೂ ಕಪ್ಪಿಟ್ಟಿತು.

ಇನ್ನೊಂದು ಪದ ಮಾಡೋಣ ಎಂದ. ಸಣ್ಣ ಮಕ್ಕಳು ಸತ್ತರೆ ಹೇಳುವ ಪದ ಬೇರೆ ಇದೆ, ಅದು ಬೇಕೆಂದು ಫೋನು ಬರತೊಡಗಿತ್ತು. ಮತ್ತೆ ಕೌದಿ ಕಟ್ಟಿದೆವು. ಅವ್ವ ಮತ್ತೆ ಬೀದಿಗೆ ಹೋದಳು. ಅದನ್ನು ಸಂಜೆ ತೆರೆಯ ಮೇಲೆ ನೋಡಿದರೆ ಅಲೆಗಿಂತ ಮುಳ್ಳೇ ಹೆಚ್ಚು. ಒಂದು ಸಾಲು ಮುಗಿಯುವುದರೊಳಗೆ ಎರಡು ಕಡೆ ಕೆಮ್ಮು. ಸಾಲಿನ ತುದಿ ಗಾಳಿ ಸಾಲದೆ ನೆಲಕ್ಕೆ ಬೀಳುತ್ತಿತ್ತು.

"ಅಪ್ಪ, ಕೆಮ್ಮು ಭಾಳ ಆಗೈತಿ."

"ಮಿಲ್ಲಿನ ಧೂಳವ್ವಾ, ಹೊಸಾದೇನು?"

"ಮಿಲ್ಲು ಬಂದಾಗಿ ಎಷ್ಟು ದಿನ ಆತು? ಯಾವ ಧೂಳು?"

ಅವನು ತೆರೆಯನ್ನೇ ನೋಡಿದ. ಓದು ಬರಹ ಹೆಚ್ಚು ಬಾರದವನಾದರೂ ಆ ಮುಳ್ಳುಗಳು ಏನೆಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಎದ್ದುಹೋಗಿ ಹೊರಗಿನ ಕಟ್ಟೆಯ ಮೇಲೆ, ನಮ್ಮಿಬ್ಬರಿಂದ ದೂರ, ಟವೆಲ್ಲು ಹಾಸಿಕೊಂಡು ಮಲಗಿದ.

ಅಪ್ಪನಿಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಸಿಗದವರು ಎಷ್ಟೋ ಜನ, ಹಾಗಾಗಿ ಪುಣ್ಯ ಅಂದುಕೊಂಡೆವು. ಅವ್ವನಿಗೂ ಜ್ವರ ಬಂದು ಒಳಕೋಣೆ ಸೇರಿದಳು. ನನಗೆ ಯಾಕೆ ಬರಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಪ್ಪ ವಾರ್ಡಿನಿಂದ ಒಂದು ಸಲ ಫೋನು ಮಾಡಿದ. ಮಾಸ್ಕಿನೊಳಗಿಂದ ಮಾತು ಸರಿಯಾಗಿ ಬರುತ್ತಿರಲಿಲ್ಲ. "ಪಕ್ಕದ ಹಾಸಿಗಿಯವ ಹೋದ," ಎಂದ. "ಅವರ ಮನಿಯವರ ನಂಬರು ಇಸಗೊಂಡೀನಿ. ಪದ ಕಳಿಸು." ಕಳಿಸಿದೆ. ಅದೇ ಅವನು ನನಗೆ ಹೇಳಿದ ಕೊನೆಯ ಕೆಲಸ. ನನ್ನ ಬಗ್ಗೆ, ಅವ್ವನ ಬಗ್ಗೆ ಒಂದು ಮಾತು ಆಡಬಾರದಿತ್ತೇ ಎಂದು ಸಿಟ್ಟು ಬಂದಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಅಪ್ಪ ಹೋದ ಸುದ್ದಿ ಒಂದು ಬೆಳಿಗ್ಗೆ ಬಂತು. ಹೆಣ ಮನೆಗೆ ಬರುವುದಿಲ್ಲ, ಕಂಪ್ಲಿಯ ಸುಡುಗಾಡಿಗೇ ತರುತ್ತೇವೆ, ನಾಲ್ಕು ಜನ ಮಾತ್ರ ಬನ್ನಿ ಎಂದರು. ನಮ್ಮಲ್ಲಿ ಹೆಣ್ಣುಮಕ್ಕಳು ಸುಡುಗಾಡಿಗೆ ಹೋಗುವುದಿಲ್ಲ. ಗಂಡುಮಕ್ಕಳಿಲ್ಲದ ನಮ್ಮ ಮನೆಯಿಂದ ಹೋಗಲು ನೆಟ್ಟಗೆ ನಿಂತಿದ್ದವಳು ನಾನೊಬ್ಬಳೇ. ನಾನು ಸಣ್ಣ ಬ್ಲೂಟೂತ್ ಸ್ಪೀಕರನ್ನು ಚಾರ್ಜಿಗೆ ಹಾಕಿ, ಆ ಪದವನ್ನೇ ಮೊಬೈಲಿನಲ್ಲಿ ತೆಗೆದಿಟ್ಟೆ. ಸದ್ದು ಸರಿ ಬರುತ್ತದೆಯೋ ನೋಡಲು ಹಾಕಿದೆ. ಅಪ್ಪನ ದನಿ ಬಂದದ್ದೇ ತಡ, ಒಳಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಅವ್ವ ಚೀರಿದಳು.

"ಅವನ ಹೆಣಕ್ಕ ಅವನ ಕೈಲೇ ಪದ ಹೇಳಿಸ್ತೀಯೇನ?"

ನಾನು ಪದ ನಿಲ್ಲಿಸಿದೆ.

"ಅವ ಎಲ್ಲಾರಿಗೂ ಹೇಳ್ಯಾನ. ಅವನಿಗೆ ಮತ್ತೊಬ್ಬರು ಹೇಳಬೇಕು. ತಿಳೀತಿಲ್ಲೇನ ನಿನಗ?"

ತಿಳಿಯಿತು. ಮೇಳದ ಉಳಿದವರಲ್ಲಿ ಕೆಲವರು ಆಸ್ಪತ್ರೆಯಲ್ಲಿದ್ದರು, ಕೆಲವರು ತಗಡಿನ ಆಚೆ. ತಿಪ್ಪಣ್ಣ ಮಾವ ಬರುವೆನೆಂದಿದ್ದ, ಆದರೆ ಅವನು ಹುಟ್ಟಿದಾಗಿನಿಂದ ಸಾಲು ಹಿಡಿದವನು, ಕೊಟ್ಟವನಲ್ಲ. ನಾನು ಲ್ಯಾಪ್‌ಟಾಪ್ ತೆರೆದೆ. ಒಬ್ಬೊಬ್ಬರ ದನಿ ಒಂದೊಂದು ಪಟ್ಟಿ ಎಂದು ಹೇಳಿದೆನಲ್ಲ, ಬೇಡವಾದ ಪಟ್ಟಿಯನ್ನು ಒಂದು ಗುಂಡಿ ಒತ್ತಿ ಮೂಕ ಮಾಡಬಹುದು. ಎಲ್ಲಕ್ಕಿಂತ ಮೇಲೆ ಅಪ್ಪನ ಪಟ್ಟಿ ಇತ್ತು. ಅದನ್ನು ಒತ್ತಿದೆ. ಪೇಟಿ ಉಳಿಯಿತು, ತಬಲ ಉಳಿಯಿತು, ಹಿಮ್ಮೇಳ ಉಳಿಯಿತು. ಅಪ್ಪನ ಸಾಲು ಇದ್ದ ಕಡೆಯೆಲ್ಲ ಖಾಲಿ. ಆ ಖಾಲಿಯಲ್ಲಿ ನಾನೇ ಹೇಳುವುದೆಂದು ನಿರ್ಧಾರ ಮಾಡಿಕೊಂಡೆ. ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಬಾಯಿಬಿಟ್ಟು ಹಾಡಿದವಳಲ್ಲ.

ಸುಡುಗಾಡಿನಲ್ಲಿ ಜೆಸಿಬಿ ಸಾಲಾಗಿ ಗುಂಡಿ ತೋಡಿ ಇಟ್ಟಿತ್ತು. ಇನ್ನೂ ತೋಡುತ್ತಲೇ ಇತ್ತು. ಬಿಳಿ ಸೂಟು ಹಾಕಿಕೊಂಡವರು ಅಪ್ಪನನ್ನು ಇಳಿಸಿ ನೆಲದ ಮೇಲೆ ಇಟ್ಟರು. ಸುತ್ತಿದ ಪ್ಲಾಸ್ಟಿಕ್ಕಿನಲ್ಲಿ ಮುಖ ಯಾವ ಕಡೆ ಎಂದೂ ತಿಳಿಯುತ್ತಿರಲಿಲ್ಲ. "ಜಲ್ದಿ ಮಾಡ್ರಿ, ಇನ್ನೂ ಅದಾವ" ಎಂದ ಒಬ್ಬ. ತಿಪ್ಪಣ್ಣ ಮಾವ ಜಾಲಿ ಗಿಡದ ಕೆಳಗೆ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ನಿಂತಿದ್ದ. ನಾನು ಸ್ಪೀಕರನ್ನು ಒಂದು ಕಲ್ಲಿನ ಮೇಲಿಟ್ಟು ಪದ ಹಾಕಿದೆ.

ಪೇಟಿ ಬಂತು. ಖಾಲಿ ಬಂತು. "ಹರಿಗೋಲು ಬಿಟ್ಟಾತೊ" ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. "ಹಿಂದಕ್ಕೆ" ಅನ್ನುವಲ್ಲಿ ಗಂಟಲು ಕಟ್ಟಿಬಿಟ್ಟಿತು. ನಾನು ಬಾಯಿ ತೆರೆದುಕೊಂಡು ನಿಂತಿರುವಾಗಲೇ ಸ್ಪೀಕರಿನಲ್ಲಿ ಹಿಮ್ಮೇಳ ಎದ್ದು, ನಾನು ಕೊಡದ ಸಾಲನ್ನು ಪೂರ್ತಿ ಹಿಡಿದು, ತಾಳಕ್ಕೆ ಸರಿಯಾಗಿ ಹೇಳಿ ಮುಗಿಸಿತು. ಮತ್ತೆ ಖಾಲಿ ಬಂತು, ನನ್ನಿಂದಾಗಲಿಲ್ಲ. ಅದು ಮತ್ತೆ ಹೇಳಿತು. ಹೀಗೆಯೇ ಪದ ಮುಗಿದುಹೋಗುತ್ತದೆ, ಅಪ್ಪ ಒಂದೂ ಸಾಲಿಲ್ಲದೆ ಮಣ್ಣಿಗೆ ಹೋಗುತ್ತಾನೆ ಎಂದು ಹೆದರಿದೆ.

"ಬಂದ್ ಮಾಡವ್ವಾ ಅದನ್ನ," ಎಂದ ತಿಪ್ಪಣ್ಣ ಮಾವ ಅಲ್ಲಿಂದಲೇ. "ಅದು ನಿನಗ ಕಾಯಂಗಿಲ್ಲ. ನೀ ಹೇಳು. ನಾ ಕಾಯ್ತೀನಿ."

ಬಂದ್ ಮಾಡಿದೆ. ಜೆಸಿಬಿಯವನು ನಮ್ಮ ಕಡೆ ನೋಡಿ, ತಾನೂ ಎಂಜಿನ್ ನಿಲ್ಲಿಸಿದ. ಹರಿಗೋಲು ಬಿಟ್ಟಾತೊ ಎಂದು ಮತ್ತೆ ಶುರು ಮಾಡಿದೆ. ಅದೇ ಜಾಗದಲ್ಲಿ ಮತ್ತೆ ಕಟ್ಟಿತು. ಅತ್ತುಬಿಟ್ಟೆ, ಮೂಗು ಒರೆಸಿಕೊಂಡೆ. ತಿಪ್ಪಣ್ಣ ಮಾವ ಕಾದ. ಬಿಳಿ ಸೂಟಿನವರೂ ಯಾಕೋ ಜಲ್ದಿ ಎನ್ನಲಿಲ್ಲ. ಕೊನೆಗೆ ಹೇಗೋ ಸಾಲು ತುದಿ ಮುಟ್ಟಿತು, ಸ್ವರದಲ್ಲಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಮಾವ ಟವೆಲ್ಲಿನ ಒಳಗಿನಿಂದ, ಬರಿಗೈಯಲ್ಲಿ ತೊಡೆ ತಟ್ಟಿಕೊಂಡು, ಒಬ್ಬನೇ ಅದನ್ನು ಹಿಡಿದು ತಿರುಗಿ ಹೇಳಿದ. ನಾನು ಎರಡನೆಯದು ಕೊಟ್ಟೆ.

ಪದ ಪೂರ್ತಿ ಹೇಳಿದೆವು. ಆಮೇಲೆ ಅಪ್ಪನನ್ನು ಗುಂಡಿಗೆ ಇಳಿಸಿದರು.